ಡಿನ್ನಕ

ನಮ್ಮ ಬೀದಿ ತಿರುವಿನ ಸಲೂನಿನ ಅಣ್ಣತಮ್ಮಂದಿರಿಗೆ ಅವರದೇ ಒಂದು ಭಾಷೆಯಿದೆ. ಎದುರಿಗೆ ಕೂತ ಗಿರಾಕಿಯ ಬಗ್ಗೆ ಅವನಿಗೇ ತಿಳಿಯದ ಹಾಗೆ ಮಾತಾಡಿಕೊಳ್ಳಲು ಕಟ್ಟಿಕೊಂಡದ್ದು. ಅಣ್ಣ ಮಿತಭಾಷಿ, ಅಪ್ಪನ ಅಂಗಡಿಯನ್ನು ಚಿಕ್ಕ ವಯಸ್ಸಿಗೇ ವಹಿಸಿಕೊಂಡವನು. ತಮ್ಮನದು ಅರಳು ಹುರಿದಂಥ ಮಾತು. ನನಗೋ ಕೆಟ್ಟ ಕುತೂಹಲ. ಪೇಪರ್ ಹಿಡಿದು ಕೂತರೂ ಕಿವಿ ಅವರ ಕಡೆಗೇ. ಬಡಾಯಿ ಕೊಚ್ಚುವವನು ‘ಸೂಪಟ’, ಕುರ್ಚಿಯಲ್ಲೇ ಗೊರಕೆ ಹೊಡೆಯುವವನು ‘ಗುರ್ಲು’; ಇಷ್ಟನ್ನು ನಾನೇ ಪತ್ತೆ ಹಚ್ಚಿದ್ದೆ. ‘ಡಿನ್ನಕ’ ಮಾತ್ರ ಬಗ್ಗಲಿಲ್ಲ. ಡಿನ್ನರಿನ ತಮ್ಮನೋ ಏನೋ, ಊಟದ ಮಾತಿರಬೇಕು ಎಂದುಕೊಂಡಿದ್ದೆ.

ಮೊನ್ನೆ ತಮ್ಮ ನನಗೆ ಕಟಿಂಗ್ ಮುಗಿಸಿ ಕತ್ತಿನ ಮೇಲಿನ ಕೂದಲು ಒರೆಸುತ್ತಿದ್ದ. ಪಕ್ಕದಲ್ಲಿ ಬಾಚಣಿಗೆ ತೊಳೆಯುತ್ತಿದ್ದ ಅಣ್ಣ ನನ್ನ ನೆತ್ತಿಯತ್ತ ಒಮ್ಮೆ ನೋಡಿ, ಮೆಲ್ಲಗೆ, "ಡಿನ್ನಕ" ಎಂದ. ತಮ್ಮ ಕೈಗೆತ್ತಿಕೊಂಡಿದ್ದ ಚಿಕ್ಕ ಕನ್ನಡಿಯನ್ನು ತೆಪ್ಪಗೆ ಡ್ರಾಯರಿಗೆ ಹಾಕಿದ.

ನನಗೆ ಪಿತ್ತ ನೆತ್ತಿಗೇರಿತು. "ನನ್ನ ತಲೆ ಮೇಲೆ, ನನಗೇ ಗೊತ್ತಿಲ್ಲದ ಮಾತಾ? ಅರ್ಥ ಹೇಳೋವರೆಗೂ ಕುರ್ಚಿ ಬಿಟ್ಟೇಳಲ್ಲ."

ತಮ್ಮ ಹಲ್ಲು ಕಿರಿದ. "ತಿರುಗಿಸಿ ಹೇಳಿ ನೋಡಿ ಸಾರ್."

ತಿರುಗಿಸಿದೆ. ಕನ್ನಡಿ!

"ಹಿಂದಿನಿಂದ ಕನ್ನಡಿ ಹಿಡೀಬೇಡ ಅಂತ," ಅಣ್ಣ ಒಪ್ಪಿಕೊಂಡ. "ನೆತ್ತಿ ಖಾಲಿ ಆಗ್ತಾ ಇರೋರಿಗೆ ಸುಮ್ನೆ ಯಾಕೆ ಬೇಜಾರು?"

ಕೈ ತಾನಾಗಿಯೇ ನೆತ್ತಿಗೆ ಹೋಯಿತು. ಬೇಜಾರಾಯಿತು, ಸುಳ್ಳೇಕೆ. ಆದರೂ ಕುತೂಹಲ ಬಿಡಬೇಕಲ್ಲ! "ಮೊದಲು ಯಾರ ತಲೆ ನೋಡಿ ಹುಟ್ಟಿದ್ದು ಈ ಪದ?"

"ಅಮ್ಮಂದು," ಎಂದ ಅಣ್ಣ. ತಮ್ಮನ ನಗು ನಿಂತಿತು.

"ನಾವು ಚಿಕ್ಕೋರು. ಅಮ್ಮಂಗೆ ಕಾಯಿಲೆ, ಕೂದಲೆಲ್ಲ ಉದುರಿಹೋಗಿತ್ತು. ಎಂಥಾ ಜಡೆ ಗೊತ್ತಾ ಅವಳದು! ನೋಡ್ಕೊಂಡ್ರೆ ತಡ್ಕೊಳಲ್ಲ ಅಂತ ಮನೇಲಿದ್ದ ಕನ್ನಡೀನೆಲ್ಲ ಬಚ್ಚಿಟ್ವಿ. ಅವಳಿಗೆ ತಿಳೀಬಾರ್ದು ಅಂತ ಇವನು ಪದ ತಿರುಗಿಸ್ದ. ಎಲ್ಲಾದ್ರೂ ಒಂದು ಕನ್ನಡಿ ಕಣ್ಣಿಗೆ ಬಿದ್ರೆ ‘ಡಿನ್ನಕ’ ಅನ್ನೋದು, ಅದು ಮಾಯ."

"ಅವರಿಗೆ ಗೊತ್ತಾಗಲೇ ಇಲ್ವಾ?"

"ಒಂದಿನ ಚಿಕ್ಕಮ್ಮ ಬಂದ್ಲು. ಪಾಪ, ಅಕ್ಕರೆಯಿಂದ ಇದ್ದ ನಾಲ್ಕು ಕೂದಲನ್ನೇ ಬಾಚಿದ್ಲು. ಆಮೇಲೆ ತನ್ನ ಚೀಲದಿಂದ ಕನ್ನಡಿ ತೆಗೆದು, ‘ನೋಡ್ಕೋ ಅಕ್ಕಾ’ ಅಂತ ಮುಖದ ಮುಂದೆ ತಂದ್ಲು. ನಮಗಿಬ್ರಿಗೂ ಬಾಯಿ ಕಟ್ಟಿಹೋಯ್ತು ಸಾರ್."

ಅಣ್ಣ ಒಂದು ಗಳಿಗೆ ತಮ್ಮನ ಕಡೆ ನೋಡಿದ.

"ಅಮ್ಮ ಕಣ್ಣು ಗಟ್ಟಿಯಾಗಿ ಮುಚ್ಕೊಂಡು, ನಮ್ಮ ಕಡೆ ಮುಖ ತಿರುಗಿಸಿ, ‘ಡಿನ್ನಕ, ಮಕ್ಳಾ’ ಅಂದ್ಲು."