ಶನಿವಾರದ ಕಥೆಗೆ ಹೊಲಿದ ಕೌದಿ

ಯಾದಗಿರಿ ಕಡೆಯಿಂದ ಬಂದು ಪುಣೆಯ ಹಡಪಸರದಲ್ಲಿ ಇಪ್ಪತ್ತಾರು ವರ್ಷ ಇಟ್ಟಿಗೆ ಹೊತ್ತ ಸಾಬವ್ವನಿಗೆ, ತನ್ನ ಮಾತನ್ನು ಯಾರಾದರೂ ಕೂತು ಕೇಳಿದ್ದು ನೆನಪಿರಲಿಲ್ಲ. ಮೊಣಕಾಲು ಸೋತ ಮೇಲೆ ಓಣಿಯ ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ಅಲ್ಲಿಯೂ ಹೇಳಿದ್ದು ಕೇಳುವುದಷ್ಟೇ.

ಆ ವರ್ಷ ಟವರುಗಳ ಕಡೆಯ ದೊಡ್ಡ ಶಾಲೆಯೊಂದು ಈ ಶಾಲೆಯೊಂದಿಗೆ ಕೈಜೋಡಿಸಿತು. ಶನಿವಾರ ಅವರ ಒಂಬತ್ತನೆಯ ತರಗತಿಯ ಮಕ್ಕಳು ಬಸ್ಸಿನಲ್ಲಿ ಬಂದು, ಒಂದನೆಯ ಎರಡನೆಯ ತರಗತಿಯ ಕೂಸುಗಳಿಗೆ ಚಿತ್ರದ ಪುಸ್ತಕ ಓದಿ ಹೇಳುತ್ತಿದ್ದರು. ಜೊತೆಗೆ ಅವರ ಟೀಚರು, ಬೆಂಗಳೂರಿನ ನೀರಜಾ. ಒಮ್ಮೆ ಅಳುವ ಕೂಸೊಂದಕ್ಕೆ ಸಾಬವ್ವ ಬಾಗಿಲಲ್ಲೇ ಕೂತು ಕಥೆ ಹೇಳುತ್ತಿದ್ದಾಗ ಇಡೀ ತರಗತಿ ಪುಸ್ತಕ ಬಿಟ್ಟು ಅವಳ ಸುತ್ತ ಬಂದು ಕೂತಿತು. ಅದನ್ನು ಕಂಡ ನೀರಜಾ, ಸಂಕ್ರಾಂತಿಯ ವಾರ ತಮ್ಮ ಶಾಲೆಯ ಆಡಳಿತದ ಹಿರಿಯರು ಬರುತ್ತಾರೆ, ಅವರಿಗೆ ಹಿಡಿಸಿದರೆ ನೀವೇ ಕಾಯಂ ಕಥೆಯ ಅಜ್ಜಿ ಎಂದಳು.

ಸಾಬವ್ವನಿಗೆ ಅದಕ್ಕಿಂತ ಬೇರೆ ಬೇಕಿರಲಿಲ್ಲ. ನೆಲ ತಣ್ಣಗಿದೆ, ಕೂಸುಗಳು ಕಾಲು ಮಡಚಿ ಕೂರುತ್ತವೆ ಎಂದು ಕೌದಿ ಹೊಲಿಯಲು ಹಿಡಿದಳು. ತನ್ನ ಮೂರು ಸೀರೆ, ತೀರಿದ ಗಂಡನ ಎರಡು ಧೋತರ, ಬೆರಳಗಲಕ್ಕೊಂದು ಹೊಲಿಗೆ, ನಲವತ್ತು ದಿನ. ಕೊನೆಯ ಮೂಲೆ ಮುಚ್ಚುವ ಮೊದಲು ಕೌದಿಯ ಹೊಟ್ಟೆ ತುಂಬಿಸಬೇಕು. ಹಸಿದ ಕೌದಿ ಮಕ್ಕಳಿಗೆ ಆಗಿಬರುವುದಿಲ್ಲ. ಊರಲ್ಲಾದರೆ ಒಣರೊಟ್ಟಿಯ ಚೂರು ಇಡುತ್ತಾರೆ. ಶಾಲೆಯ ಮಕ್ಕಳಲ್ಲವೇ, ಹಬ್ಬವೂ ಹೌದು ಎಂದು ಅವಳು ಶೇಂಗಾ ಹೋಳಿಗೆಯ ತುಂಡು ಇಟ್ಟು ಹೊಲಿದಳು.

ಹಿರಿಯರು ಬಂದು ಕುರ್ಚಿಯಲ್ಲಿ ಕೂತರು. ಕೂಸುಗಳು ಕೌದಿಯ ಮೇಲೆ. ಕಥೆ ಅರ್ಧಕ್ಕೆ ಬಂದಿತ್ತು, ಒಂದು ಕೂಸು ತೊಡೆ ಕೆರೆದುಕೊಂಡು ಎದ್ದಿತು. ಆಮೇಲೆ ನಾಲ್ಕು. ಗೋಡೆಯಿಂದ ಕೌದಿಯ ಮೂಲೆಯವರೆಗೆ ಕೆಂಪಿರುವೆಯ ಸಾಲು. ನೀರಜಾ ಕತ್ತರಿ ತರಿಸಿ ಮೂಲೆ ಕತ್ತರಿಸಿದಳು. ಇರುವೆ ಮುತ್ತಿದ ಹೋಳಿಗೆ ನೆಲಕ್ಕೆ ಬಿತ್ತು.

"ಅಜ್ಜಿ ಸ್ವೀಟ್ ಕದ್ದು ಒಳಗೆ ಬಚ್ಚಿಟ್ಟಿದ್ದಾರೆ, ಮಿಸ್," ಎಂದ ಒಂಬತ್ತನೆಯ ತರಗತಿಯ ಅಶ್ವಿತ್. ದೊಡ್ಡವರು ನಕ್ಕರು. ಅವರು ನಕ್ಕರೆಂದು ಕೂಸುಗಳೂ ನಕ್ಕವು.

ಸಾಬವ್ವ ಹೆಡ್ಮಾಸ್ತರ ಈರಬಸಪ್ಪನ ಮುಖ ನೋಡಿದಳು. ಅವನೂ ಯಾದಗಿರಿ ಕಡೆಯವನೇ. ಮುಂದಿನ ತಿಂಗಳು ದೊಡ್ಡ ಶಾಲೆಯಿಂದ ಹತ್ತು ಕಂಪ್ಯೂಟರು ಬರುವುದಿತ್ತು. "ಓದು ಬರಹ ಇಲ್ಲದಾಕಿ ಮೇಡಂ. ತಪ್ಪ ತಿಳಕೋಬ್ಯಾಡ್ರಿ," ಎಂದ.

"ಪರವಾಗಿಲ್ಲ ಸರ್. ಕ್ಲೀನಾಗಿರೋರು ಯಾರಾದ್ರೂ ಸಿಕ್ತಾರೆ," ಎಂದಳು ನೀರಜಾ, ಮೆಲ್ಲಗೆ.

ಬಸ್ಸು ಹೋದ ಮೇಲೆ ಸಾಬವ್ವ ಕೇಳಿದಳು: "ನಿಮ್ಮವ್ವ ಕೌದಿ ಹೊಟ್ಟಿ ಖಾಲಿ ಬಿಡತಿದ್ರೇನ್ರಿ, ಸರ?"

"ಇಲ್ಲ. ರೊಟ್ಟಿ ಇಡತಿದ್ಲು."

"ಅಷ್ಟ ಅವರ ಮುಂದ ಹೇಳಬೇಕಿತ್ರಿ."

"ಹೇಳಿದ್ರ ನನ್ನೂ ನಿನ್ನ ಸಾಲಿಗೇ ನಿಲ್ಲಸತಿದ್ರು, ಯವ್ವಾ."

ಇನ್ನು ಶನಿವಾರ ಬಸ್ಸು ಬರುವ ಮೊದಲೇ ಗುಡಿಸಿ ಹೊರಗೆ ಹೋಗಬೇಕು ಎಂದೂ ಹೇಳಿದ. ಕೌದಿಯನ್ನು ಹಿತ್ತಿಲಲ್ಲಿ ಸುಡಲು, ಕೋಣೆಗೆ ಫಿನೈಲು ಹಾಕಲು ಹೇಳಿದ. ಅವಳು ಎರಡನ್ನೂ ಮಾಡಿದಳು.

ಮನೆಗೆ ಹೊರಟ ಕೂಸುಗಳು ಗೇಟಿನಲ್ಲೇ ಅವಳನ್ನು ಹೋಳಿಗಿ ಕಳ್ಳಿ ಎಂದು ಕೂಗಿದವು. ಸೋಮವಾರದ ಹೊತ್ತಿಗೆ ಆ ಶಾಲೆಯಲ್ಲಿ ಅವಳಿಗೆ ಬೇರೆ ಹೆಸರಿರಲಿಲ್ಲ.