ಗಡಿಯಾರದವರು ದಾಟದ ಕಂದಕ

ಊಟಕ್ಕೆಂದು ಅಂಗಡಿ ಮುಚ್ಚಿ ಬಂದ ಗಡಿಯಾರದವರು ಕೈಕಾಲು ತೊಳೆಯುವ ಮೊದಲೇ ಕಂಪ್ಯೂಟರಿನ ಮುಂದೆ ಕೂತರು. ಕಾಲು ಗಂಟೆಯೊಳಗೆ ಆಟದ ಹುಡುಗಿ ನಾಲ್ಕು ಸಲ ಕಂದಕಕ್ಕೆ ಬಿದ್ದು ಸತ್ತಳು.

“ಇವತ್ತೂ ಸಾಯಿಸಿದ್ರಾ?” ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. “ಪಾಪ, ಯಾರು ಹೆತ್ತ ಮಗಳೋ! ಊಟ ಆರಿಹೋಗ್ತಿದೆ, ಬನ್ನಿ.”

“ಮಷೀನು ತಡ ಮಾಡ್ತಿದೆ ಕಣೇ. ನಾನು ಒತ್ತಿದ್ದು ಸರಿಯಾಗೇ ಇತ್ತು.”

“ಹೌದೌದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.”

ಗಡಿಯಾರದವರು ನಗಲಿಲ್ಲ. ಬಲಗೈ ಹೆಬ್ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿಕೊಂಡರು. ನಡುಗುತ್ತಿರಲಿಲ್ಲ. ನಿಜವಾಗಿಯೂ ನಡುಗುತ್ತಿಲ್ಲವೋ, ಅದು ಕಾಣದಷ್ಟು ಕಣ್ಣು ಮಂಜಾಗಿದೆಯೋ, ಅದೇ ತಿಳಿಯಲಿಲ್ಲ.

ಮೂವತ್ತನಾಲ್ಕು ವರ್ಷದಿಂದ ಅವರು ಕೂರುವ ಜಾಗ ಒಂದೇ. ಚಪ್ಪಲಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಮಹಡಿ ಮೆಟ್ಟಿಲಿನ ಕೆಳಗೆ, ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಕೋಣೆ. ಗಾಜು ಹಾಕಿದ ಮೇಜು, ಬಗ್ಗಿಸಬಹುದಾದ ದೀಪ, ಒಂದು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಯಾವ ಗಡಿಯಾರ ಬಿಚ್ಚುವ ಮೊದಲೂ ಅವರು ಒಂದು ಬಿಳಿ ಕಾಗದ ಹಾಸಿ, ಒಳಗಿನ ಪ್ರತಿ ಚಕ್ರ, ಪ್ರತಿ ತಿರುಪು ಎಲ್ಲಿದೆ ಎಂದು ಚಿತ್ರ ಬರೆಯುತ್ತಿದ್ದರು. ತೆಗೆದದ್ದನ್ನು ಆ ಚಿತ್ರದ ಮೇಲೇ ಇಡುತ್ತಿದ್ದರು. ಇದು ಅವರ ಅಪ್ಪ ಹೇಳಿಕೊಟ್ಟ ರೀತಿ. “ಕೈ ಮರೆಯುತ್ತೆ, ಕಾಗದ ಮರೆಯಲ್ಲ. ಎಲ್ಲಿತ್ತೋ ಅಲ್ಲಿಗೇ ಹೋಗಬೇಕು,” ಎನ್ನುತ್ತಿದ್ದರು ಅಪ್ಪ. ಅದೇ ಅಪ್ಪನ ಕೈ ಐವತ್ತೊಂಬತ್ತನೇ ವರ್ಷದಲ್ಲಿ ಒಂದು ಸಣ್ಣ ಚಕ್ರವನ್ನು ನೆಲಕ್ಕೆ ಬೀಳಿಸಿತು. ಮರುದಿನವೂ ಬೀಳಿಸಿತು. ಮೂರನೇ ದಿನ ಅಪ್ಪ ಚಕ್ರ ಹಿಡಿಯುವ ಚಿಮಟವನ್ನು ಒರೆಸಿ ಮಗನ ಮುಂದಿಟ್ಟು ಎದ್ದುಹೋದವರು ಮತ್ತೆ ಆ ಕುರ್ಚಿಯಲ್ಲಿ ಕೂರಲಿಲ್ಲ.

ಗಡಿಯಾರದವರಿಗೆ ಈಗ ಐವತ್ತೆಂಟು.

ಅನುಮಾನ ಹುಟ್ಟಿಸಿದ್ದು ಹೆಡ್‌ಮಿಸ್ಟ್ರೆಸ್ ಅಮ್ಮನ ಕೈಗಡಿಯಾರ. ಆಕೆ ಈಗ ನಿವೃತ್ತರು; ಗಡಿಯಾರ ಹಿಂದೆ ಅವರ ತಾಯಿ ಕೈಗೆ ಕಟ್ಟಿಕೊಟ್ಟದ್ದು. ಬೆರಳಿನ ಉಗುರಿನಷ್ಟೇ ಮುಖ, ದಿನಾ ಕೀ ಕೊಡಬೇಕು. ಇವರು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಕೊಟ್ಟರು. ಎಂಟು ದಿನಕ್ಕೆ ನಿಂತು ವಾಪಸು ಬಂತು. ಮತ್ತೆ ಬಿಚ್ಚಿದರು, ಮತ್ತೆ ಬಂತು. “ಅವಸರವಿಲ್ಲ, ನಿಮ್ಮ ಕೈ ಗುಣ ನನಗೆ ಗೊತ್ತು,” ಎಂದು ಆಕೆ ಹೇಳಿದ ಮಾತೇ ಇವರಿಗೆ ಮುಳ್ಳಾಯಿತು. ಮೂರನೇ ಸಲ ಬಿಚ್ಚಲು ಧೈರ್ಯ ಬಾರದೆ ಅದನ್ನು ಡಬ್ಬಿಯಲ್ಲಿಟ್ಟು ಮೂರು ವಾರವಾಗಿತ್ತು.

ಆಟವನ್ನು ಒಬ್ಬರೇ ಹಿಡಿದದ್ದು ಈ ನಡುವೆಯೇ. ಕಂಪ್ಯೂಟರು ಮಗಳದ್ದು. ಮನೆಗಳ ನಕ್ಷೆ ಬರೆಯುವುದನ್ನು ಕಲಿಯುತ್ತಿದ್ದ ಅವಳು ತರಬೇತಿಗೆಂದು ಹಾಸ್ಟೆಲಿಗೆ ಹೋದಮೇಲೆ ಭಾನುವಾರ ಮಾತ್ರ ಬರುತ್ತಿದ್ದಳು. ಅದರೊಳಗಿನ ಆಟದಲ್ಲಿ ಒಬ್ಬ ಹುಡುಗಿ ಕಾಣೆಯಾದ ಅಣ್ಣನನ್ನು ಹುಡುಕುತ್ತಾ ಪಾಳುಬಿದ್ದ ನಗರದಲ್ಲಿ ಅಲೆಯುತ್ತಾಳೆ. ಗೋಡೆ ಹತ್ತುತ್ತಾಳೆ, ಹಗ್ಗಕ್ಕೆ ಜೋತಾಡುತ್ತಾಳೆ, ತೋಳಗಳ ಜೊತೆ ಕಾದುತ್ತಾಳೆ. ಮಗಳು ಮನೆಯಲ್ಲಿದ್ದಾಗ, ಆಟದಲ್ಲಿ ಹಲ್ಲುಚಕ್ರ ಜೋಡಿಸಿ ಬಾಗಿಲು ತೆಗೆಯುವ ಕೆಲಸ ಇವರದು, ಓಡುವುದು ಜಿಗಿಯುವುದು ಮಗಳದು ಎಂದು ಪಾಲಾಗಿತ್ತು. ಒಂಟಿಯಾದ ಮೇಲೆ ಜಿಗಿತವೂ ಇವರ ಪಾಲಿಗೆ ಬಂತು. ಬಂದದ್ದೇ ಮುರಿದ ಸೇತುವೆಯ ಬಳಿ ನಿಂತುಬಿಟ್ಟರು. ಓಡಿಬಂದು, ಅಂಚಿನಲ್ಲಿ ಕೀಬೋರ್ಡಿನ ಉದ್ದ ಗುಂಡಿ ಒತ್ತಬೇಕು. ಇವರು ಕೂದಲೆಳೆಯಷ್ಟೂ ತಪ್ಪದೆ ಅಂಚಿನಲ್ಲೇ ಒತ್ತುತ್ತಿದ್ದರು. ಹುಡುಗಿ ಗಾಳಿಯಲ್ಲಿ ಎರಡು ಹೆಜ್ಜೆ ನಡೆದು ಬೀಳುತ್ತಿದ್ದಳು.

ಹಿಂದಿನ ಭಾನುವಾರ ಮಗಳು ಒಂದೇ ಏಟಿಗೆ ದಾಟಿಸಿದ್ದಳು, ಅದೂ ಫೋನಿನಲ್ಲಿ ಗೆಳತಿಯ ಜೊತೆ ಹರಟುತ್ತಾ.

“ಅಂಚು ಬರೋಕೆ ಮುಂಚೇನೇ ಒತ್ತಿಬಿಡಪ್ಪ.”

“ಅಂಚೇ ಬರದೆ ಹೇಗೆ ಒತ್ತೋದು?”

“ಒಂದು ಅಂದಾಜು. ನಿನ್ನ ಹಾಗೆ ಸೆಕೆಂಡಿಗೆ ಲೆಕ್ಕ ಇಟ್ರೆ ಅವಳು ಮುದುಕಿಯಾಗೋವರೆಗೂ ಈ ಕಡೇನೇ ಇರ್ತಾಳೆ.”

ಮಗಳು ದಾಟಿಸಿದ್ದನ್ನು ಇವರು ಒಪ್ಪಲಿಲ್ಲ. ಹಠ ಮಾಡಿ ಆಟವನ್ನು ಸೇತುವೆಯ ಈಚೆಗೇ ಹಿಂದಿರುಗಿಸಿಕೊಂಡರು. ಯಾಕೆಂದು ಅವಳಿಗೆ ಹೇಳಲಿಲ್ಲ. ಮನಸ್ಸಿನೊಳಗೆ ಒಂದು ಪಣ ಕಟ್ಟಿಕೊಂಡಿದ್ದರು: ಈ ಕಂದಕ ದಾಟಿದರೆ ಹೆಡ್‌ಮಿಸ್ಟ್ರೆಸ್ ಅಮ್ಮನ ಗಡಿಯಾರ ಬಿಚ್ಚುವುದು, ದಾಟದಿದ್ದರೆ ಅದನ್ನು ಹಾಗೆಯೇ ಹಿಂದಕ್ಕೆ ಕೊಟ್ಟು ಚಿಮಟ ಒರೆಸಿಡುವುದು. ಆಮೇಲೆ ಬೆಲ್ಟು, ಬ್ಯಾಟರಿ ಅಷ್ಟೇ. ಪಣದಲ್ಲಿ ಅರ್ಥವಿಲ್ಲವೆಂದು ಅವರಿಗೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಅದು ಸಡಿಲವಾಗಲಿಲ್ಲ.

“ಪರದೆಯ ಮೂಲೆಯಲ್ಲಿ ಒಂದು ಅಂಕಿ ಬರ್ತಿದೆಯಲ್ಲ, ಎಷ್ಟಿದೆ?” ಹುಡುಗಿ ನಾಲ್ಕು ಸಲ ಸತ್ತ ಆ ದಿನ ರಾತ್ರಿ ಫೋನಿನಲ್ಲಿ ಮಗಳು ಕೇಳಿದಳು.

“ಹತ್ತೊಂಬತ್ತು. ಓಡುವಾಗ ಹದಿನಾರು.”

“ಒಂದು ಸೆಕೆಂಡಿಗೆ ಅಷ್ಟೇ ಚಿತ್ರ ಬರೀತಿದೆ ಅಂತ. ಅರವತ್ತಾದರೂ ಬೇಕಪ್ಪ.”

ಗಡಿಯಾರದವರಿಗೆ ಇಲ್ಲಿಂದ ತಲೆ ಕೆಟ್ಟಿತು. ಅವರ ಮೇಜಿನ ಮೇಲಿನ ಹಳೆಯ ಜೇಬುಗಡಿಯಾರ ಸೆಕೆಂಡಿಗೆ ಐದು ಸಲ ಬಡಿಯುತ್ತದೆ. ಎಂಟು ಸಲ ಬಡಿಯುವ ಗಡಿಯಾರವಾದರೆ ಮುಳ್ಳು ಬೆಣ್ಣೆಯ ಮೇಲೆ ಜಾರಿದಂತೆ ಜಾರುತ್ತದೆ. ಎಂಟಕ್ಕೆ ಜಾರುವ ಲೋಕದಲ್ಲಿ ಹದಿನಾರಕ್ಕೆ ಕುಂಟುವುದೆಂದರೇನು?

“ಮುಳ್ಳು ಒಂದೇ ದಾರೀಲಿ ಸುತ್ತುತ್ತಪ್ಪ. ಇಲ್ಲಿ ಹುಡುಗಿ ತಿರುಗಿದರೆ ಬೆಟ್ಟ, ಮೋಡ, ನೀರು, ಅವಳ ಒಂದೊಂದು ಕೂದಲೂ ತಿರುಗಬೇಕು. ನೀನು ಅಂಚು ನೋಡೋ ಹೊತ್ತಿಗೆ ಅವಳು ಅಂಚು ದಾಟಿರ್ತಾಳೆ. ಸದ್ಯಕ್ಕೆ ಸೆಟ್ಟಿಂಗ್ಸಲ್ಲಿ ನೆರಳು ತೆಗೆದುಬಿಡು.”

ತೆಗೆದರು. ಅಂಕಿ ಇಪ್ಪತ್ತನಾಲ್ಕಾಯಿತು. ಉರಿಬಿಸಿಲಿನಲ್ಲಿ ನೆರಳಿಲ್ಲದ ಹುಡುಗಿ ನೆರಳಿಲ್ಲದ ಸೇತುವೆಯ ಮೇಲೆ ಓಡಿಬಂದು, ನೆಲಕ್ಕೆ ಕಾಲೇ ತಾಗದವಳಂತೆ ತೇಲಿ, ಬಿದ್ದಳು. ಅದನ್ನು ನೋಡಲಾರದೆ ನೆರಳನ್ನು ಅವಳಿಗೆ ಹಿಂದಕ್ಕೆ ಕೊಟ್ಟರು.

ಮರುದಿನ ಬೆಳಿಗ್ಗೆ ಅವರು ಕಂಪ್ಯೂಟರ್ ಅಂಗಡಿಗೆ ಹೋದರು. ಅಂಗಡಿ ನಡೆಸುವ ಹೆಂಗಸು ಇವರ ಹಳೆಯ ಗಿರಾಕಿ. ಗೋಡೆಗಡಿಯಾರ ಕೆಟ್ಟರೆ ಹೊತ್ತು ತರುತ್ತಿದ್ದಳು. ಮಗಳ ಕಂಪ್ಯೂಟರನ್ನು ಜೋಡಿಸಿ ಕೊಟ್ಟದ್ದೂ ಅವಳೇ.

“ನಿಮ್ಮ ಪೆಟ್ಟಿಗೆಯೊಳಗೆ ಗ್ರಾಫಿಕ್ಸ್ ಕಾರ್ಡೇ ಇಲ್ಲ ಅಣ್ಣ,” ಎಂದಳು. “ಲೆಕ್ಕ ಮಾಡೋ ಚಿಪ್ಪೇ ಬಿಡುವಾದಾಗ ಚಿತ್ರಾನೂ ಬರೀತಿದೆ. ಒಬ್ಬರೇ ಅಡುಗೇನೂ ಮಾಡಿ ಬಡಿಸೋಕೂ ನಿಂತ ಹಾಗೆ. ಚಿತ್ರ ಬರೆಯೋಕೇ ಒಬ್ಬರನ್ನ ಇಟ್ಟರೆ ಸರಿಹೋಗುತ್ತೆ.”

ಕಾರ್ಡುಗಳ ಎರಡು ಪೆಟ್ಟಿಗೆ ಮುಂದಿಟ್ಟಳು. ಒಂದರ ಮೇಲೆ ಎಂಟು ಎಂದು ದಪ್ಪಕ್ಷರದಲ್ಲಿತ್ತು, ಇನ್ನೊಂದರ ಮೇಲೆ ಆರು. ಗಡಿಯಾರದವರು ಎಂಟಕ್ಕೆ ಕೈ ಹಾಕಿದರು.

“ಎಲ್ಲರೂ ಅದಕ್ಕೇ ಕೈ ಹಾಕ್ತಾರೆ. ಅದು ಮೆಮೊರಿ ಅಣ್ಣ. ಮೆಮೊರಿ ಅಂದ್ರೆ ಮೇಜಿನ ಅಗಲ. ಮೇಜು ಅಗಲ ಇದ್ದರೆ ಸಾಮಾನು ಹರಡಬಹುದು, ಕೆಲಸ ಮಾಡೋದು ಕೈ ತಾನೇ? ಎಂಟರದ್ದು ಹಳೇ ಕೈ, ನಿಧಾನ. ಆರರದ್ದು ಹೊಸ ಕೈ. ನಿಮ್ಮ ಆಟಕ್ಕೆ, ನಿಮ್ಮ ಪರದೆಗೆ ಆರರ ಮೇಜು ಧಾರಾಳ ಸಾಕು.”

ಹಳೇ ಕೈ ಎಂಬ ಮಾತು ಬಂದಾಗ ಅವರು ತಮ್ಮ ಕೈಗಳನ್ನು ಜೇಬಿಗೆ ಇಳಿಸಿದರು.

“ನಾನೇ ಬಂದು ಹಾಕಿಕೊಡ್ಲಾ?”

“ಬೇಡ ತಾಯಿ. ಆರರದ್ದೇ ಕೊಡು, ನಾನೇ ಹಾಕ್ತೀನಿ.”

ಮಧ್ಯಾಹ್ನ ಊಟದ ಮೇಜನ್ನು ಒರೆಸಿ ಕಂಪ್ಯೂಟರಿನ ಪೆಟ್ಟಿಗೆಯನ್ನು ಅದರ ಮೇಲೆ ಮಲಗಿಸಿದರು. ಬಿಳಿ ಕಾಗದ ಹಾಸಿದರು. ಹಿಂಬದಿಯ ತಂತಿಗಳನ್ನು ಒಂದೊಂದಾಗಿ ಚಿತ್ರಕ್ಕೆ ಇಳಿಸಿದರು: ಇದು ಕರೆಂಟಿನದು, ಇದು ಕೀಬೋರ್ಡಿನದು, ಇದು ಪರದೆಯದು. ಎಲ್ಲ ಕಳಚಿ, ಮುಚ್ಚಳ ತೆಗೆದು, ಹೊಸ ಕಾರ್ಡನ್ನು ಅದರ ಸೀಳಿಗೆ ಒತ್ತಿದಾಗ ಟಕ್ ಎಂಬ ಸಣ್ಣ ಸದ್ದು ಬಂತು. ಒಂದು ತಿರುಪೂ ಕೈ ತಪ್ಪಲಿಲ್ಲ. ಆಮೇಲೆ ಚಿತ್ರ ನೋಡಿಕೊಂಡು ಪ್ರತಿ ತಂತಿಯನ್ನೂ ಎಲ್ಲಿತ್ತೋ ಅಲ್ಲಿಗೇ ಸಿಕ್ಕಿಸಿದರು. ಸ್ವಿಚ್ಚು ಹಾಕಿದರೆ ಕಾರ್ಡಿನ ಪುಟ್ಟ ಫ್ಯಾನುಗಳು ತಿರುಗಿದವು. ಪರದೆ ಬೆಳಗಿತು. ಅವರ ಎದೆಯೂ ಸ್ವಲ್ಪ ಹಗುರಾಯಿತು.

ಆಟ ತೆರೆದರು. ಮೂಲೆಯಲ್ಲಿ ಅಂಕಿ: ಹತ್ತೊಂಬತ್ತು.

ಹುಡುಗಿ ಓಡಿದಳು. ಹದಿನಾರು. ಬಿದ್ದಳು.

ಕಾರ್ಡು ಹೊಸದು, ಅಂಕಿ ಹಳೆಯದು. ಹಾಗಾದರೆ ಎಲ್ಲೋ ತಮ್ಮ ಕೈಯೇ ಕೆಲಸ ಕೆಡಿಸಿದೆ. ಜೋಡಿಸುವಾಗ ತಪ್ಪಿದೆಯೋ, ಒತ್ತುವಾಗ ತಪ್ಪುತ್ತಿದೆಯೋ, ಎರಡೂ ಕಡೆಯೋ? ಮತ್ತೆ ಮುಚ್ಚಳ ತೆಗೆದು ಚಿತ್ರದೊಂದಿಗೆ ಹೋಲಿಸಿದರು. ಗುಲಗಂಜಿಯಷ್ಟೂ ವ್ಯತ್ಯಾಸವಿಲ್ಲ. ಮಗಳಿಗೆ ಫೋನು ಮಾಡಲು ಎತ್ತಿಕೊಂಡು, ಹಾಗೆಯೇ ಇಟ್ಟರು. ಸಂಜೆ ಅಂಗಡಿಯಲ್ಲಿ ಹೆಡ್‌ಮಿಸ್ಟ್ರೆಸ್ ಅಮ್ಮನ ಗಡಿಯಾರವನ್ನು ಹತ್ತಿಯಲ್ಲಿ ಸುತ್ತಿ, ಡಬ್ಬಿಯ ಮೇಲೆ ‘ಶನಿವಾರ, ವಾಪಸು’ ಎಂದು ಬರೆದರು. ಅಕ್ಷರ ನೆಟ್ಟಗೇ ಬಂತು. ಅದೂ ಅವರಿಗೆ ಸಮಾಧಾನ ಕೊಡಲಿಲ್ಲ.

ಬೇರೆ ದಿನ ಊಟದ ಹೊತ್ತಿಗಷ್ಟೇ ಮನೆಗೆ ಬಂದು ಹೋಗುವ ಹೆಂಡತಿಗೆ ಶುಕ್ರವಾರ ರಜೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಉಸ್ತುವಾರಿ ಆಕೆಯದು. ಸಾವಿರ ಹೊದಿಕೆಯ ನಡುವೆ ಒಂದು ಕಲೆಯನ್ನು ದೂರದಿಂದಲೇ ಹಿಡಿಯುವ ಕಣ್ಣು. ಮಧ್ಯಾಹ್ನ ಗಂಡ ಊಟ ಮುಗಿಸಿ ಸುಮ್ಮನೆ ಗೋಡೆ ನೋಡುತ್ತಾ ಕೂತಿದ್ದಾಗ, ಆಕೆ ಕಂಪ್ಯೂಟರಿನ ಹಿಂಬದಿಯ ಧೂಳು ಒರೆಸುತ್ತಿದ್ದರು.

“ಏನ್ರೀ, ಇವತ್ತು ಕೊಲೆ ಇಲ್ವಾ?”

“ಇಲ್ಲ. ಮುಗೀತು ಅದು.”

ಆ ದನಿಗೆ ಆಕೆ ಒರೆಸುವುದನ್ನು ನಿಲ್ಲಿಸಿ ತಿರುಗಿ ನೋಡಿದರು. “ಏನು ಮುಗೀತು?”

ಅವರು ಹೇಳಿದರು. ಪಣ, ಗಡಿಯಾರ, ಅಪ್ಪನ ಚಿಮಟ, ಎಲ್ಲ. ನಾಲ್ಕೇ ವಾಕ್ಯದಲ್ಲಿ ಮುಗಿದುಹೋಯಿತು. ಆಕೆ ಮತ್ತೆ ಪೆಟ್ಟಿಗೆಯ ಕಡೆ ತಿರುಗಿ ಒರೆಸತೊಡಗಿದರು, ಒರೆಸಿದ ಜಾಗವನ್ನೇ ಮತ್ತೆ ಮತ್ತೆ.

“ಅಲ್ಲಾ ರೀ,” ಎಂದರು ಬಗ್ಗಿ ನೋಡುತ್ತಾ. “ನೀವು ತಂದ ಹೊಸದರ ಬಾಯಿಗೆ ಇನ್ನೂ ಟೋಪಿ ಹಾಕೇ ಇದೆಯಲ್ಲ?”

“ಯಾವ ಬಾಯಿ?”

“ಇಲ್ಲಿ. ಮೇಲೆ ಒಂದು ಬಾಯಿಗೆ ಪರದೆಯ ತಂತಿ ಚುಚ್ಚಿದೀರಿ. ಕೆಳಗೆ ಹೊಸ ತಗಡಲ್ಲೂ ಅಂಥದ್ದೇ ಬಾಯಿ, ಪ್ಲಾಸ್ಟಿಕ್ ಮುಚ್ಚಿಕೊಂಡು ಕೂತಿದೆ. ಚಿತ್ರ ಬರೆಯೋಕೆ ಅಂತ ಆಳು ತಂದು, ಬಾಯಿ ಮುಚ್ಚಿ ಮೂಲೆಯಲ್ಲಿ ಕೂರಿಸಿದ ಹಾಗಾಯ್ತು.”

ಗಡಿಯಾರದವರು ಮಂಡಿಯೂರಿ ಬಗ್ಗಿದರು. ಪರದೆಯ ತಂತಿ ಹಳೆಯ ತೂತಿನಲ್ಲೇ ಇತ್ತು. ಅಲ್ಲಿಂದ ಬರುವುದು ಹಳೆಯ ಚಿಪ್ಪು ಬಿಡುವಿನಲ್ಲಿ ಬರೆದ ಚಿತ್ರ.

“ಅದು ಇದ್ದಿದ್ದೇ ಅಲ್ಲಿ ಕಣೇ. ನಾನು ಇದ್ದ ಜಾಗಕ್ಕೇ ಇಟ್ಟೆ. ಕಾಗದ ನೋಡು ಬೇಕಾದರೆ.”

“ಇದ್ದ ಜಾಗ ಸರಿ ಅಂತ ಯಾರು ಹೇಳಿದ್ರು?”

ಅವರು ಟೋಪಿ ಕಿತ್ತು ತಂತಿ ಬದಲಿಸಿದರು. ಆಟ ತೆರೆಯಿತು. ಮೂಲೆಯಲ್ಲಿ ಅರವತ್ತೆರಡು. ಹುಡುಗಿಯ ಜಡೆಯಿಂದ ತಪ್ಪಿಸಿಕೊಂಡ ಕೂದಲು ಗಾಳಿಗೆ ಎಳೆಎಳೆಯಾಗಿ ಹಾರುವುದನ್ನು ಅವರು ಮೊದಲ ಸಲ ಕಂಡರು. ಇಷ್ಟು ದಿನ ಅವಳು ಉಸಿರಾಡುತ್ತಿದ್ದದ್ದೇ ಅವರಿಗೆ ಗೊತ್ತಿರಲಿಲ್ಲ. ಓಡಿಸಿದರು, ಒತ್ತಿದರು, ಬಿದ್ದಳು.

“ಅಯ್ಯೋ! ಈಗೇನಾಯ್ತು?” ಹೆಂಡತಿ ಬಟ್ಟೆಯನ್ನು ಎದೆಗೊತ್ತಿಕೊಂಡರು.

ಅವರಿಗೂ ತಿಳಿಯಲಿಲ್ಲ. ಎರಡನೇ ಸಲ ಬಿದ್ದಮೇಲೆ ತಿಳಿಯಿತು: ಬಿದ್ದು ಬಿದ್ದು ಹೆಬ್ಬೆರಳು ತಡವಾದ ಚಿತ್ರಕ್ಕೆ ಹೆದರಿ, ಅವರಿಗೇ ಹೇಳದೆ, ಬೇಗ ಒತ್ತುವುದನ್ನು ಕಲಿತಿತ್ತು. ಮೂರನೇ ಸಲ ಕಣ್ಣಿಗೆ ಅಂಚು ಕಂಡಾಗಲೇ ಒತ್ತಿದರು. ಹುಡುಗಿ ಕಂದಕದ ಮೇಲೆ ಹಾರಿ, ಆಚೆ ದಡದ ಕಲ್ಲಿಗೆ ಎರಡೂ ಕೈ ಹಾಕಿ, ಮೇಲೆದ್ದು ನಿಂತಳು.

“ಇಷ್ಟು ದಿನ ನಿಜವಾಗಿ ನೆಲವೇ ಡೊಂಕಾಗಿತ್ತು ಬಿಡಿ,” ಎಂದರು ಹೆಂಡತಿ.

ಗಡಿಯಾರದವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಇದ್ದ ಜಾಗ ಸರಿ ಅಂತ ಯಾರು ಹೇಳಿದ್ದು? ಆ ಮಾತು ಕಿವಿಯಲ್ಲಿ ಹುಳ ಹೊಕ್ಕಂತೆ ಹೊಕ್ಕಿತ್ತು.

ಅಂಗಡಿ ತೆರೆದು, ಡಬ್ಬಿಯಿಂದ ಗಡಿಯಾರ ತೆಗೆದು ಬಿಚ್ಚಿದರು. ಚಕ್ರಗಳ ಮೇಲೆ ಕೂರುವ ಸಣ್ಣ ತಗಡಿಗೆ ಮೂರು ತಿರುಪು. ಅವರ ಚಿತ್ರದಲ್ಲಿ ಮೂರೂ ಒಂದೇ ಥರದ ಸೊನ್ನೆ. ಒಂದರ ತಲೆಯ ಮೇಲೆ ಯಾರದೋ ಒರಟು ಕೈಯ ಗೀರು ಇದ್ದದ್ದನ್ನು ಮೊದಲ ದಿನವೇ ನೋಡಿದ್ದರು. ಇವರಿಗಿಂತ ಮುಂಚೆ ಯಾರೋ ಬಿಚ್ಚಿದ್ದಾರೆ ಎಂದುಕೊಂಡು, ಎರಡು ಸಲವೂ ಅದನ್ನು ಅಲ್ಲಿಗೇ ಹಾಕಿದ್ದರು. ಈಗ ಮೂರನ್ನೂ ಕಾಗದದ ಮೇಲೆ ಸಾಲಾಗಿ ಮಲಗಿಸಿದರು. ಗೀರಿನದು ಉಳಿದೆರಡಕ್ಕಿಂತ ಒಂದು ಎಳೆ ಉದ್ದ. ತಗಡು ತೆಳುವಾಗಿದ್ದ ಕಡೆ ಅದು ಕೂತಿತ್ತು. ತುದಿ ಕೆಳಗಿಳಿದು ಚಕ್ರಕ್ಕೆ ತಾಗಿ ತಾಗಿ ಅಲ್ಲೊಂದು ಹೊಳಪಿನ ಚುಕ್ಕೆಯಾಗಿತ್ತು. ಆ ತಿರುಪು ಹೋಗಬೇಕಾದದ್ದು ತಗಡು ದಪ್ಪವಾಗಿರುವ ಕಡೆ.

ಚಿಮಟದಲ್ಲಿ ಹಿಡಿದು ಎರಡನ್ನು ಅದಲುಬದಲು ಮಾಡಿದರು. ಕೈ ನಡುಗಲಿಲ್ಲ. ಕೀ ಕೊಟ್ಟು ಕಿವಿಗೆ ಹಿಡಿದರು. ಸೆಕೆಂಡಿಗೆ ಐದು, ಐದು, ಐದು, ಎಲ್ಲೂ ಎಡವದೆ ಬಡಿಯುತ್ತಿತ್ತು. ಡಬ್ಬಿಯ ಮೇಲಿನ ‘ವಾಪಸು’ ಎಂಬುದನ್ನು ಹೊಡೆದುಹಾಕಿ, ಏನು ಬರೆಯಬೇಕೆಂದು ತೋಚದೆ ಖಾಲಿ ಬಿಟ್ಟರು.

ಸಂತೋಷವಾಗಬೇಕಿತ್ತು, ಆಗುತ್ತಲೂ ಇತ್ತು. ಆದರೆ ಕಣ್ಣು ಮೇಜಿನ ಕೆಳಗಿನ ಸೆಳೆಖಾನೆಗೆ ಹೋಯಿತು. ಮೂವತ್ತನಾಲ್ಕು ವರ್ಷದ ಚಿತ್ರಗಳು ಅಲ್ಲಿ ದಾರ ಕಟ್ಟಿಕೊಂಡು ಮಲಗಿದ್ದವು. ಒಂದೊಂದೂ ಎಲ್ಲಿತ್ತೋ ಅಲ್ಲಿಗೇ. ಅವುಗಳಲ್ಲಿ ಎಷ್ಟು ಸರಿಯಾದವು, ಎಷ್ಟು ಯಾರದೋ ತಪ್ಪನ್ನು ತಾವು ಶ್ರದ್ಧೆಯಿಂದ ಮರಳಿ ಮಾಡಿದ್ದು?

ಫೋನು ಬಡಿದುಕೊಂಡಿತು.

“ರೀ, ಆ ಹುಡುಗಿ ಆಚೆ ದಡದಲ್ಲಿ ಒಬ್ಬಳೇ ನಿಂತಿದಾಳೆ. ಆಫ್ ಮಾಡೋದೋ ಬೇಡವೋ?”

“ಇರಲಿ ಬಿಡು. ಸ್ವಲ್ಪ ನಿಂತಿರಲಿ.”

“ನೀವು ಎಷ್ಟು ಹೊತ್ತಿಗೆ ಬರ್ತೀರಿ?”

ಅವರು ಹಳೆಯ ಚಿತ್ರಗಳ ಮೇಲಿನ ಕಟ್ಟಿನ ದಾರ ಬಿಚ್ಚುತ್ತಿದ್ದರು. “ಗೊತ್ತಿಲ್ಲ ಕಣೇ,” ಎಂದರು.