ಶನಿ ಬಿದ್ದ ನೆಗೆಟಿವ್

ಎಪ್ಪತ್ತರ ದಶಕದಲ್ಲಿ ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೊ ಇತ್ತು. ಮದುವೆಗೆ, ಬಸುರಿಯರ ಕುಬಸಕ್ಕೆ ಜನ ದೊಡ್ಡ ಅಂಗಡಿಯವರನ್ನು ಕರೆಯುತ್ತಿದ್ದರು. ಸತ್ತವರ ಫೋಟೊಗೆ ನನ್ನನ್ನು. ಲಿಂಗ ಕಟ್ಟುವ ನಮ್ಮ ಮಂದಿಯಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ತಲೆ ವಾಲದಂತೆ ಹಣೆಗೊಂದು ಬಟ್ಟೆ ಕಟ್ಟಿ ಹಿಂದಿನ ಗೂಟಕ್ಕೆ ಬಿಗಿಯುತ್ತಾರೆ. ಮಣ್ಣು ಮಾಡುವ ಮುಂಚೆ ಒಂದು ಫೋಟೊ. ಎಷ್ಟೋ ಹೆಂಗಸರಿಗೆ ಅದೇ ಮೊದಲ ಫೋಟೊ, ಅದೇ ಕೊನೆಯದು.

ಆ ಕೆಲಸದಲ್ಲಿ ನನ್ನ ಕೈ ಪಳಗಿತ್ತು. ಸತ್ತವರು ಅಲುಗುವುದಿಲ್ಲ, ಕತ್ತಲೆ ಪಡಸಾಲೆಯಲ್ಲೂ ಶಟರ್ ತೆರೆದಿಟ್ಟು ಮೂರು ಎಣಿಸಿದರೆ ಮುಗಿಯಿತು. ಅದೇ ಹಮ್ಮಿನಲ್ಲಿ ಗ್ರಹಗಳ ಫೋಟೊ ತೆಗೆಯಲು ಹೊರಟೆ. ಕನ್ನಡಕದ ಅಂಗಡಿಯಿಂದ ಒಂದು ದುಂಡು ಗಾಜು, ತಗಡಿನ ಕೆಲಸದವನಿಂದ ಆಳುದ್ದದ ಕೊಳವೆ, ಒಡೆದ ದುರ್ಬೀನಿನಿಂದ ಕಿತ್ತ ಚಿಕ್ಕ ಮಸೂರ. ಇಷ್ಟರಿಂದ ಹಿತ್ತಲಲ್ಲಿ ಟೆಲಿಸ್ಕೋಪು ನಿಂತಿತು. ಅದಕ್ಕೆ ಕಣ್ಣಿಡುವ ಕಡೆ ನನ್ನ ಮಡಚುವ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ತಾಗಿಸಿಡುತ್ತಿದ್ದೆ.

ಮೊದಲ ರೋಲು ಪೂರ್ತಿ ಹಾಳು. ನಾನು ಮೂರು ಎಣಿಸುವಷ್ಟರಲ್ಲಿ ಗ್ರಹ ಜರುಗಿ, ಫಿಲ್ಮಿನ ಮೇಲೆ ಬೆಕ್ಕು ಪರಚಿದಂತೆ ಗೆರೆ ಮೂಡುತ್ತಿತ್ತು. ಶಟರ್ ಒತ್ತಿದರೂ ಕೊಳವೆ ನಡುಗುತ್ತಿತ್ತು. ಕಡೆಗೊಂದು ಉಪಾಯ ಸಿಕ್ಕಿತು: ಕೊಳವೆಯ ಬಾಯಿಗೆ ಕಪ್ಪು ರಟ್ಟು ಹಿಡಿದು ಶಟರ್ ತೆರೆಯುವುದು, ನಡುಕ ನಿಲ್ಲುವವರೆಗೆ ಕಾಯುವುದು, ರಟ್ಟನ್ನು ಸರಿಸಿ 'ಒಂದು' ಎಂದು ಮತ್ತೆ ಮುಚ್ಚುವುದು. ಗುರು ಸಿಕ್ಕ, ಸಣ್ಣ ಅಕ್ಕಿಕಾಳಿನಂತೆ. ಆಮೇಲೆ ಶನಿಯ ಹುಚ್ಚು ಹಿಡಿಯಿತು.

"ಮಂದಿ ಶನಿ ಬಿಟ್ಟು ಹೋಗ್ಲಿ ಅಂತ ಎಣ್ಣಿ ಹಾಕ್ತಾರ, ನೀವು ಹಿತ್ತಲಾಗ ನಿಂತು ಕರೀತೀರಿ" ಎಂದು ಹೆಂಡತಿ ಬೈದಳು. ನಾನು ನಕ್ಕೆ. ಆಗೆಲ್ಲ ನನಗೆ ಎಲ್ಲದಕ್ಕೂ ನಗು.

ಚಳಿಗಾಲದ ಒಂದು ಮಧ್ಯಾಹ್ನ ಕುರುಗೋಡಿನಿಂದ ಕರೆ ಬಂತು. ವಯಸ್ಸಾದ ಹೆಂಗಸು ತೀರಿಕೊಂಡಿದ್ದಳು. ನಾನು ಹೋಗುವ ಹೊತ್ತಿಗೆ ಅವಳನ್ನು ಕೂಡಿಸಿ, ಹೂವು ಏರಿಸಿದ್ದರು. ಆಕಾಶ ತೊಳೆದಂತಿತ್ತು, ಸಂಜೆ ಬಳ್ಳಾರಿ ಮುಟ್ಟಿದರೆ ಶನಿ ಖಂಡಿತ ಎಂದು ನನ್ನ ಲೆಕ್ಕ. ಹೆಜ್ಜೆ ಹಾಕಿ ದೂರ ಅಳೆದೆ, ಕ್ಯಾಮೆರಾ ಇಟ್ಟೆ, ಮೂರು ಎಣಿಸಿದೆ. ಎರಡು ಫೋಟೊ ತೆಗೆಯುವುದು ವಾಡಿಕೆ. ಅಂದು ಒಂದೇ ತೆಗೆದು ಬಸ್ಸಿಗೆ ಓಡಿದೆ.

ಫಿಲ್ಮ್ ಸಡಿಲಾಗದಿರಲೆಂದು ಅದನ್ನು ಫೋಟೊ ತೆಗೆದ ಮೇಲಲ್ಲ, ತೆಗೆಯುವ ಮುಂಚೆ ತಿರುಗಿಸುವುದು ನನ್ನ ರೂಢಿ. ಆ ಸಂಜೆ ಹಿತ್ತಲಲ್ಲಿ ಶನಿ ಕಂಡ ಸಡಗರದಲ್ಲಿ ತಿರುಗಿಸುವುದನ್ನೇ ಮರೆತೆ.

ಮರುದಿನ ಡಾರ್ಕ್‌ರೂಮಿನ ಕೆಂಪು ದೀಪದಡಿ, ಟ್ರೇಯೊಳಗಿನ ಕಾಗದದಲ್ಲಿ ಮುದುಕಿ ನಿಧಾನವಾಗಿ ಮೂಡಿದಳು. ಮೊದಲು ಸೀರೆಯ ಅಂಚು, ಆಮೇಲೆ ಹಣೆಯ ಬಟ್ಟೆ, ಮುಖ. ಬಲಗಣ್ಣಿನ ಮೇಲೆ ಹೂವಿನ ಸರ ಜೋತುಬಿದ್ದಿತ್ತು. ಎಡಗಣ್ಣು ತೆರೆದಿತ್ತು. ಬೆಳ್ಳಗೆ ಹೊಳೆಯುತ್ತಿತ್ತು. ನಾನು ಚಿಮಟ ಎತ್ತಿಹಾಕಿ ಹೊರಗೆ ಓಡಿಬಂದೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಆಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ಬಿಳಿ ಚುಕ್ಕೆಗೆ ಎರಡು ಪಕ್ಕಕ್ಕೂ ಕಿವಿಗಳಿದ್ದವು. ಶನಿಯ ಬಳೆ! ಫಿಲ್ಮ್ ತಿರುಗಿಸದೆ ಮುದುಕಿಯ ಫೋಟೊದ ಮೇಲೆಯೇ ಶನಿಯನ್ನೂ ತೆಗೆದಿದ್ದೆ. ಆಕಾಶದ ಕಪ್ಪು ಫಿಲ್ಮಿನ ಮೇಲೆ ಏನನ್ನೂ ಮೂಡಿಸುವುದಿಲ್ಲ, ಗ್ರಹವಷ್ಟೇ ಮೂಡುತ್ತದೆ. ಅದು ಹೋಗಿ ಹೋಗಿ ಅಲ್ಲೇ, ಕಣ್ಣಿನಷ್ಟೇ ಗಾತ್ರದಲ್ಲಿ ಕೂತಿತ್ತು. ನಾನು ತಿಂಗಳುಗಟ್ಟಲೆ ಬೆನ್ನುಹತ್ತಿದ ಫೋಟೊ ಇಷ್ಟು ಚೆನ್ನಾಗಿ ಬಂದದ್ದು ಅದೇ ಮೊದಲು. ಒಂದು ಗಳಿಗೆ ಖುಷಿಯೂ ಆಯಿತು. ಆ ಖುಷಿಗೆ ಇವತ್ತಿಗೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ.

ಎಂಟು ದಿನಕ್ಕೆ ಆ ಮುದುಕಿಯ ಮಗಳು ಬಂದಳು. ಸಿರುಗುಪ್ಪದ ಕಡೆ ಕರೂರಿಗೆ ಕೊಟ್ಟ ಹೆಣ್ಣು, ಕೈಯಲ್ಲಿ ಇನ್ನೂ ನಾಟಿಯ ಕೆಸರಿನ ಕಲೆ.

"ಅಣ್ಣಾರ, ಅವ್ವನ ಫೋಟೊ ಕೊಡ್ರಿ. ನಾ ಬರೋದ್ರಾಗ ಮಣ್ಣು ಮಾಡಿಬಿಟ್ಟಿದ್ರು. ಕಡೀಕ ಮುಖಾನೂ ಸಿಗಲಿಲ್ಲ ನನಗ."

ಕೊಡದೆ ವಿಧಿಯಿರಲಿಲ್ಲ; ಇದ್ದದ್ದು ಅದೊಂದೇ. ಅವಳು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

"ನಮ್ಮವ್ವ ಕಣ್ಣು ತಗದಾಳ. ಜೀವ ಇತ್ತೇನ್ರಿ? ಜೀವ ಇದ್ದಾಕಿನ್ನ ಒಯ್ದು ಮಣ್ಣಾಗ ಇಟ್ರೇನ್ರಿ?"

ಅದು ಕಣ್ಣಲ್ಲ, ಶನಿ ಗ್ರಹ, ತಪ್ಪು ನನ್ನದೆಂದು ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಕತ್ತಲಾಗುವವರೆಗೆ ಕೂಡಿಸಿಕೊಂಡು, ಹಿತ್ತಲಿಗೆ ಕರೆದೊಯ್ದು ಶನಿಯನ್ನು ತೋರಿಸಿದೆ. ಬಗ್ಗಿ ಕಣ್ಣಿಟ್ಟವಳು ಕೊಳವೆ ಬಿಡಲೇ ಇಲ್ಲ.

"ಮಿಸುಕಾಡಾಕತ್ತೈತಿ" ಎಂದಳು. "ಉಸುರು ಐತಿ ಇದಕ್ಕ."

"ಅದು ಗಾಳಿ ತಂಗಿ. ನಮಗೂ ಅದಕ್ಕೂ ನಡುವಿನ ಗಾಳಿ ನಡಗತೈತಿ." ಎಂದೆ. ಅವಳು ಸರಿದ ಮೇಲೆ ನಾನು ಕಣ್ಣಿಟ್ಟರೆ, ಆಚೆಯಿಂದ ಯಾರೋ ಕಣ್ಣಿಟ್ಟಂತೆಯೇ ಇತ್ತು.

ಒಳಗೆ ಬಂದು, ಆ ಚುಕ್ಕೆಯನ್ನು ತೆಗೆದುಕೊಡುತ್ತೇನೆ ಎಂದೆ.

"ತಗದ್ರ ಒಳಗಿನ ಕಣ್ಣು ಕಾಣಸ್ತೈತೇನ್ರಿ?"

"ಇಲ್ಲವ್ವ. ಮುಚ್ಚಿದ ರೆಪ್ಪಿ ನಾನ ಬರದು ಕೊಡ್ತೀನಿ."

"ಬರದದ್ದು ಬ್ಯಾಡ. ನೀವು ಕಂಡದ್ದು ಹೇಳ್ರಿ. ಆವಾಗ ಕಣ್ಣು ಮುಚ್ಚಿತ್ತೇನು?"

"ನಿಮ್ಮ ಮನಿಯವರನ್ನ ಕೇಳಬಾರದೇನು?" ಎಂದು ಜಾರಿಕೊಳ್ಳಲು ನೋಡಿದೆ.

"ಕೇಳೀನ್ರಿ. ಮುಚ್ಚಿತ್ತು ಅಂತಾರ. ಕಣ್ಣೀರಾಗ ಅವ್ರಿಗೇನು ಕಂಡಿತ್ತು? ಅಲ್ಲಿ ಅಳದಂಗ ನೋಡಿದವರು ನೀವೊಬ್ರ." ಅವಳ ನೋಟ ನನ್ನ ಎದೆಯ ಮೇಲೆ, ಅಂಗಿಯೊಳಗಿನ ದಾರದ ಮೇಲೆ ನಿಂತಿತು. "ಲಿಂಗ ಮುಟ್ಟಿ ಹೇಳ್ರಿ ಅಣ್ಣಾರ. ನೀವು ಹೇಳಿದ್ರ ನನಗ ನಿದ್ದಿ ಹತ್ತತೈತಿ."

ಅಂಗಿಯೊಳಗೆ ಕೈ ಹಾಕಿದೆ. ಕರಡಿಗೆಯ ಬೆಳ್ಳಿ ತಣ್ಣಗಿತ್ತು. ಅದರ ಮುಚ್ಚಳ ತೆರೆದು ಲಿಂಗ ಮುಟ್ಟಿದೆ. "ಎರಡೂ ಕಣ್ಣು ಮುಚ್ಚಿದ್ವು ತಂಗಿ, ನಾ ನೋಡೀನಿ" ಎಂದೆ.

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮುಖ ಒರೆಸಿಕೊಂಡು, ಫೋಟೊವನ್ನು ಸೆರಗಿನಲ್ಲಿ ಸುತ್ತಿ, ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಹಿಂದೆ ಸರಿದೆ. ಊರಲ್ಲಿದ್ದ ನೆಂಟರ ಮನೆಗೆ ಆಟೊ ಮಾಡಿ ಕಳಿಸಿದೆ.

ಆ ಮಧ್ಯಾಹ್ನ ಕುರುಗೋಡಿನ ಪಡಸಾಲೆಯಲ್ಲಿ ಶಟರ್ ತೆರೆದು ಮೂರು ಎಣಿಸುವಾಗ ನಾನು ಬಾಗಿಲಾಚೆಯ ಬಿಸಿಲು ನೋಡುತ್ತಿದ್ದೆ, ಬಸ್ಸಿಗೆ ಇನ್ನೆಷ್ಟು ಹೊತ್ತು ಎಂದು. ಅವಳ ತಾಯಿಯ ಮುಖವನ್ನು ನಾನು ನೋಡಿರಲೇ ಇಲ್ಲ.